ಅಪ್ಪ ಅಮ್ಮನ ಜೊತೆ ಆರ್‌ವಿಯಲ್ಲಿ ಯೆಲ್ಲೋಸ್ಟೋನ್: ಜಾಗ ಕಾಯ್ದಿರಿಸುವುದರಿಂದ ಠೇವಣಿ ಮರಳುವವರೆಗೆ

2025ರ ಜುಲೈ ಕೊನೆಯಲ್ಲಿ ಅಪ್ಪ, ಅಮ್ಮ, ನನ್ನ ಹೆಂಡತಿ, ಮಗ ಮತ್ತು ನಾನು ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದು ಆರ್‌ವಿಯನ್ನು, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ವಾಹನವನ್ನು, ಬಾಡಿಗೆಗೆ ಪಡೆದು, ಐಡಾಹೊ ಮಾರ್ಗವಾಗಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ತಲುಪಿ, ಅಲ್ಲಿಂದ ಗ್ರ್ಯಾಂಡ್ ಟೀಟನ್ ಉದ್ಯಾನಕ್ಕೆ ಇಳಿದು, ವಯೋಮಿಂಗಿನ ಸ್ಟಾರ್ ವ್ಯಾಲಿಯ ದಾರಿಯಲ್ಲಿ ಮರಳಿ ಬಂದೆವು. ಪ್ರಯಾಣ ಒಂದು ವಾರಕ್ಕೆ ಸ್ವಲ್ಪ ಹೆಚ್ಚು ಸಮಯದಲ್ಲಿ ಮುಗಿಯಿತಾದರೂ ಅದರ ವ್ಯವಹಾರ ಮುಗಿದದ್ದು ಬಾಡಿಗೆ ಕಂಪನಿಯಿಂದ ಠೇವಣಿ ಹಣ ಮರಳಿ ಬಂದ ಮೇಲೆ, ಅಂದರೆ ಚಳಿಗಾಲ ಕಾಲಿಟ್ಟ ಮೇಲೆ. ಊರಿನಿಂದ ತಂದೆತಾಯಿಯರನ್ನು ಕರೆಸಿಕೊಂಡು ಇಂಥದೇ ಪ್ರವಾಸ ಮಾಡಬೇಕೆಂದಿರುವವರು ನಮ್ಮಷ್ಟು ತಡಕಾಡಬೇಕಾಗದಿರಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಆರ್‌ವಿಯೇ ಏಕೆ ಎಂಬುದಕ್ಕೆ ಸಾಹಸದ ಹುಮ್ಮಸ್ಸು ಕಾರಣವಲ್ಲ. ಹಿಂದೊಮ್ಮೆ ಕಾರಿನಲ್ಲಿ ದೂರ ಪ್ರಯಾಣ ಮಾಡಿದಾಗ, ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಆತಂಕದಿಂದ ಅಮ್ಮ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಕುಳಿತಿದ್ದರು. ಅವರು ಹೊರಗಿನ ಅಡುಗೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಮಂಡಿನೋವು, ಮಧ್ಯಾಹ್ನ ಒಂದಿಷ್ಟು ಹೊತ್ತು ಕಾಲು ಚಾಚಿ ಮಲಗದಿದ್ದರೆ ಸಂಜೆಗೆ ನಡೆಯಲಾರರು. ಶೌಚಾಲಯ, ಅಡುಗೆಮನೆ, ಹಾಸಿಗೆ ಮೂರೂ ನಮ್ಮ ಜೊತೆಯಲ್ಲೇ ಬರುವುದಾದರೆ ಉಳಿದ ಯಾವ ತೊಡಕನ್ನಾದರೂ ಸಹಿಸಬಹುದು ಎಂದು ಲೆಕ್ಕ ಹಾಕಿದೆವು. ಆ ಲೆಕ್ಕ ತಪ್ಪಲಿಲ್ಲ, ಆದರೆ ಉಳಿದ ತೊಡಕುಗಳ ಪಟ್ಟಿ ನಾವು ಎಣಿಸಿದ್ದಕ್ಕಿಂತ ಉದ್ದವಾಗಿತ್ತು.

ಹೊಸದಾಗಿ ಯೋಚಿಸುವವರು ಮೊದಲು ವಾಹನ ಹುಡುಕಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಕ್ರಮ. ಬಾಡಿಗೆಗೆ ವಾಹನ ಎರಡು ತಿಂಗಳ ಮುಂಚೆಯೂ ಸಿಗುತ್ತದೆ. ಅದನ್ನು ರಾತ್ರಿ ನಿಲ್ಲಿಸಲು ಉದ್ಯಾನದೊಳಗೆ ಜಾಗ ಸಿಗುವುದಿಲ್ಲ. ಯೆಲ್ಲೋಸ್ಟೋನಿನ ದೊಡ್ಡ ಕ್ಯಾಂಪ್‌ಗ್ರೌಂಡುಗಳಾದ ಮ್ಯಾಡಿಸನ್, ಕ್ಯಾನ್ಯನ್, ಗ್ರಾಂಟ್ ವಿಲೇಜ್, ಬ್ರಿಡ್ಜ್ ಬೇ ಮತ್ತು ಫಿಶಿಂಗ್ ಬ್ರಿಡ್ಜ್‌ಗಳನ್ನು ಗುತ್ತಿಗೆ ಸಂಸ್ಥೆಯೊಂದು ನಡೆಸುತ್ತದೆ ಮತ್ತು ಅವುಗಳನ್ನು ಬಹಳ ಮೊದಲೇ ಕಾಯ್ದಿರಿಸಬಹುದು. ಗ್ರ್ಯಾಂಡ್ ಟೀಟನ್ನಿನವು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಆರು ತಿಂಗಳ ಮುಂಚೆ ತೆರೆದುಕೊಳ್ಳುತ್ತವೆ. ಜನವರಿಯ ಚಳಿಯಲ್ಲಿ ಬೆಳಗ್ಗೆ ಎಂಟಕ್ಕೆ ನಾನೂ ಹೆಂಡತಿಯೂ ಎರಡು ಕಂಪ್ಯೂಟರುಗಳ ಮುಂದೆ ಕುಳಿತು ಕೋಲ್ಟರ್ ಬೇ ಜಾಗವನ್ನು ಹಿಡಿದೆವು. ಮ್ಯಾಡಿಸನ್ ಸುಲಭವಾಗಿ ಸಿಕ್ಕಿತು. ಫಿಶಿಂಗ್ ಬ್ರಿಡ್ಜ್ ಮಾತ್ರ ಭರ್ತಿಯಾಗಿತ್ತು.

ಈ ಫಿಶಿಂಗ್ ಬ್ರಿಡ್ಜ್‌ಗೆ ಅಷ್ಟು ಬೇಡಿಕೆ ಇರಲು ಕಾರಣವಿದೆ. ಇಡೀ ಯೆಲ್ಲೋಸ್ಟೋನಿನಲ್ಲಿ ಹುಕಪ್, ಅಂದರೆ ನಿಲ್ಲಿಸಿದಲ್ಲಿಯೇ ವಿದ್ಯುತ್ತು, ನೀರು, ಚರಂಡಿಗಳ ಸಂಪರ್ಕ, ದೊರೆಯುವುದು ಅಲ್ಲಿ ಮಾತ್ರ. ಕರಡಿಗಳು ಓಡಾಡುವ ಜಾಗವಾದ್ದರಿಂದ ಅಲ್ಲಿ ಡೇರೆಗಳಿಗಾಗಲಿ ಬಟ್ಟೆಯ ಗೋಡೆಯ ವಾಹನಗಳಿಗಾಗಲಿ ಅನುಮತಿಯಿಲ್ಲ. ಗಟ್ಟಿ ಗೋಡೆಯ ವಾಹನವೇ ಬೇಕು. ರದ್ದಾದ ಜಾಗ ಯಾವಾಗಲಾದರೂ ತೆರೆದುಕೊಳ್ಳಬಹುದೆಂದು ಮಾರ್ಚಿಯಿಂದ ದಿನಾ ರಾತ್ರಿ ಮಲಗುವ ಮುನ್ನ ಒಮ್ಮೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಜೂನಿನಲ್ಲಿ ಒಂದು ದಿನ ನಮಗೆ ಬೇಕಾದ ರಾತ್ರಿಗಳೇ ತೆರೆದಿದ್ದವು. ಜನ ಬಾಕಿ ಹಣ, ರದ್ದತಿ ಶುಲ್ಕಗಳ ಲೆಕ್ಕ ಹಾಕಿ ಯೋಜನೆ ಕೈಬಿಡುವುದು ಪ್ರವಾಸ ಹತ್ತಿರವಾದಾಗಲೇ ಆದ್ದರಿಂದ, ಕೊನೆಯ ಐದಾರು ವಾರ ಹುಡುಕಾಟವನ್ನು ನಿಲ್ಲಿಸಬೇಡಿ.

ಬಾಡಿಗೆಯ ವಿಚಾರ. ನಾವು ಆರಿಸಿದ್ದು ಕ್ಲಾಸ್ ಸಿ ಎಂದು ಕರೆಯುವ, ಚಾಲಕನ ತಲೆಯ ಮೇಲೂ ಒಂದು ಹಾಸಿಗೆಯಿರುವ, ಇಪ್ಪತ್ತೈದು ಅಡಿ ಉದ್ದದ ವಾಹನ. ಅದನ್ನು ನಡೆಸಲು ಸಾಮಾನ್ಯ ಲೈಸೆನ್ಸ್ ಸಾಕು. ಮೂವತ್ತು ಅಡಿಯದು ಅಷ್ಟೇ ಬೆಲೆಗೆ ಇತ್ತು, ಆದರೆ ಬೇಡವೆಂದೆವು; ಆ ನಿರ್ಧಾರಕ್ಕಾಗಿ ಪ್ರತಿ ಪಾರ್ಕಿಂಗ್ ಜಾಗದಲ್ಲಿಯೂ ಸಮಾಧಾನಪಟ್ಟಿದ್ದೇವೆ. ಜಾಹೀರಾತಿನಲ್ಲಿ ಕಾಣುವ ದಿನದ ಬಾಡಿಗೆಯ ಮೇಲೆ ಮೈಲಿಗಿಷ್ಟು, ಜನರೇಟರ್ ಓಡಿದ ಗಂಟೆಗಿಷ್ಟು, ಪಾತ್ರೆಗಳಿಗಿಷ್ಟು, ಹಾಸಿಗೆ ಹೊದಿಕೆಗೆ ತಲೆಗಿಷ್ಟು ಎಂದು ಸೇರುತ್ತ ಹೋಗುತ್ತದೆ. ಪಾತ್ರೆ, ಹೊದಿಕೆಗಳನ್ನು ಮನೆಯಿಂದಲೇ ಒಯ್ದು ಅಷ್ಟನ್ನು ಉಳಿಸಿದೆವು. ವಿಮೆಯ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ: ಕಾರು ಬಾಡಿಗೆಗೆ ರಕ್ಷಣೆ ಕೊಡುವ ಕ್ರೆಡಿಟ್ ಕಾರ್ಡುಗಳಲ್ಲಿ ಹೆಚ್ಚಿನವು ಆರ್‌ವಿಯನ್ನು ಹೊರಗಿಡುತ್ತವೆ, ಸ್ವಂತ ಕಾರಿನ ವಿಮೆಯೂ ಅನೇಕ ಸಲ ಇದಕ್ಕೆ ಅನ್ವಯಿಸುವುದಿಲ್ಲ. ನಾನು ನಮ್ಮ ವಿಮಾ ಕಂಪನಿಗೆ ಕೇಳಿ ಇಲ್ಲವೆಂಬ ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಬಾಡಿಗೆ ಕಂಪನಿಯ ವಿಮೆಗೆ ಸಹಿ ಮಾಡಿದೆ.

ವಾಹನ ಪಡೆಯುವ ದಿನ ಮಧ್ಯಾಹ್ನ ಒಂದಕ್ಕೆ ಬರಲು ಹೇಳಿದ್ದರು. ಕೀಲಿ ಕೈಗೆ ಬಂದದ್ದು ನಾಲ್ಕೂವರೆಗೆ. ಹಿಂದಿನ ಗಿರಾಕಿ ತಡವಾಗಿ ಮರಳಿಸಿದ್ದರಿಂದ ಶುಚಿ ಮಾಡುವ ಕೆಲಸ ಬಾಕಿಯಿತ್ತಂತೆ. ಅಪ್ಪ ಅಮ್ಮ ಜುಲೈ ಬಿಸಿಲಿನಲ್ಲಿ ಒಂದು ಸಣ್ಣ ಕಚೇರಿಯ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಾದರು. ಹಿರಿಯರಿದ್ದರೆ ಅವರನ್ನು ಮನೆಯಲ್ಲೋ ಹೋಟೆಲಿನಲ್ಲೋ ಬಿಟ್ಟು, ವಾಹನ ಸಿಕ್ಕ ಮೇಲೆ ಹೋಗಿ ಕರೆದುಕೊಳ್ಳುವುದು ಮೇಲು. ಕಂಪನಿಯ ಹುಡುಗ ಎಲ್ಲವನ್ನೂ ಇಪ್ಪತ್ತೇ ನಿಮಿಷದಲ್ಲಿ ವಿವರಿಸಿ ಮುಗಿಸಿದ. ನನ್ನ ಹೆಂಡತಿ ಅದಷ್ಟನ್ನೂ ವಿಡಿಯೊ ಮಾಡಿಕೊಂಡಳು. ನಾನು ವಾಹನದ ಸುತ್ತ ನಡೆದು, ಮೇಲ್ಛಾವಣಿಯ ಅಂಚು ಮತ್ತು ಹಿಂದಿನ ಬಂಪರನ್ನೂ ಸೇರಿಸಿ, ಪ್ರತಿ ಗೀರಿನ ಚಿತ್ರ ತೆಗೆದೆ. ಈ ಚಿತ್ರಗಳ ಮಹತ್ವ ಮುಂದೆ ತಿಳಿಯುತ್ತದೆ.

ಆ ಸಂಜೆ ದೂರ ಹೋಗುವ ಪ್ರಶ್ನೆಯೇ ಇರಲಿಲ್ಲ. ಸಾಲ್ಟ್ ಲೇಕ್‌ನಿಂದ ವೆಸ್ಟ್ ಯೆಲ್ಲೋಸ್ಟೋನ್‌ಗೆ ಸುಮಾರು 320 ಮೈಲಿ. ಕಾರಿಗೆ ಐದು ಗಂಟೆ, ನಮಗೆ ಏಳರ ಮೇಲೆ ಹಿಡಿಯಿತು. ಗಂಟೆಗೆ ಅರವತ್ತು ಮೈಲಿಗಿಂತ ಹೆಚ್ಚು ಓಡಿಸಿದರೆ ಅಡುಗೆಮನೆಯ ಪ್ರತಿ ಬಾಗಿಲೂ ಗಡಗುಟ್ಟುತ್ತದೆ. ಐಡಾಹೊದ ಸ್ನೇಕ್ ನದಿಯ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ ಇಡೀ ವಾಹನ ಪಕ್ಕದ ಪಟ್ಟಿಯ ಕಡೆಗೆ ಸರಿಯುತ್ತದೆ. ಎರಡೂ ಕೈಗಳಿಂದ ಸ್ಟಿಯರಿಂಗನ್ನು ಹಿಡಿದು ನಡೆಸಬೇಕು. ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕುಳಿತಿರಬೇಕು. ಎದ್ದು ಕಾಫಿ ಮಾಡುತ್ತೇನೆಂದ ಅಮ್ಮನನ್ನು ಮಗನೇ ತಡೆದ: "ಅಜ್ಜಿ, ಗಾಡಿ ನಿಂತ ಮೇಲೆ."

ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನವೆಂದು 1872ರಲ್ಲಿ ಘೋಷಣೆಯಾದ ಯೆಲ್ಲೋಸ್ಟೋನಿನ ಪಶ್ಚಿಮ ದ್ವಾರವನ್ನು ಮರುದಿನ ಮಧ್ಯಾಹ್ನ ದಾಟಿದೆವು. ಆಗ ಒಂದು ವಾಹನಕ್ಕೆ ಏಳು ದಿನಕ್ಕೆ 35 ಡಾಲರ್, ಟೀಟನ್‌ಗೆ ಮತ್ತೆ ಅಷ್ಟೇ; ಮುಂದೆ ಬೇರೆ ಉದ್ಯಾನಗಳಿಗೂ ಹೋಗುವ ಆಲೋಚನೆಯಿದ್ದುದರಿಂದ 80 ಡಾಲರಿನ ವಾರ್ಷಿಕ ಪಾಸ್ ಕೊಂಡೆವು. ಅರವತ್ತೆರಡು ದಾಟಿದವರಿಗಿರುವ ಹಿರಿಯರ ಪಾಸ್ ಅಮೆರಿಕದ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೆ ಅದು ದೊರೆಯುವುದಿಲ್ಲ.

ಮ್ಯಾಡಿಸನ್ ಸಮುದ್ರಮಟ್ಟದಿಂದ 6,800 ಅಡಿ ಎತ್ತರದಲ್ಲಿದೆ ಮತ್ತು ಅಲ್ಲಿ ಹುಕಪ್ ಇಲ್ಲ. ನಿಲ್ಲಿಸಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ವಾಹನವನ್ನು ಮಟ್ಟಸ ಮಾಡುವುದು. ಗ್ಯಾಸ್‌ನಿಂದಲೂ ನಡೆಯುವ ಆರ್‌ವಿ ಫ್ರಿಜ್ಜು ವಾಲಿದ ನೆಲದಲ್ಲಿ ಸರಿಯಾಗಿ ತಂಪು ಮಾಡುವುದಿಲ್ಲ. ಆದ್ದರಿಂದ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆಗಳನ್ನಿಟ್ಟು, ಫೋನಿನಲ್ಲಿರುವ ಮಟ್ಟವನ್ನು ನೋಡುತ್ತ, ಹಿಂದೆ ಮುಂದೆ ಸರಿಸಿ ನಿಲ್ಲಿಸಬೇಕು. ಹಿಟ್ಟು, ಮೊಸರು, ಅಪ್ಪನ ಇನ್ಸುಲಿನ್ ಎಲ್ಲವೂ ಆ ಫ್ರಿಜ್ಜಿನಲ್ಲಿದ್ದುದರಿಂದ ಈ ಕೆಲಸದಲ್ಲಿ ನಾವು ಉದಾಸೀನ ಮಾಡಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಚಳಿಯಿಂದ. ಜುಲೈ ತಿಂಗಳಲ್ಲಿಯೂ ಅಲ್ಲಿನ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆಂದು ಓದಿದ್ದೆವು ಮತ್ತು ಹೀಟರ್ ಇದೆಯಲ್ಲ ಎಂದು ಧೈರ್ಯವಾಗಿದ್ದೆವು. ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸ್‌ನಿಂದ, ಆದರೆ ಬಿಸಿಗಾಳಿಯನ್ನು ತಳ್ಳುವ ಫ್ಯಾನು ಓಡುವುದು ಬ್ಯಾಟರಿಯಿಂದ. ಬೆಳಗಿನ ಜಾವ ಬ್ಯಾಟರಿ ಬರಿದಾಗಿ ಹೀಟರ್ ನಿಂತಿತು. ಜನರೇಟರ್ ಹಾಕೋಣವೆಂದರೆ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಅನುಮತಿ. ಇದ್ದ ಹೊದಿಕೆಗಳನ್ನೆಲ್ಲ ಅಪ್ಪ ಅಮ್ಮನಿಗೆ ಹೊದಿಸಿ, ಒಲೆಯ ಮೇಲೆ ಕಾಫಿ ಕಾಯಿಸುತ್ತ, ಗಡಿಯಾರವನ್ನು ನೋಡುತ್ತ ಕುಳಿತೆವು. ಮರುದಿನದಿಂದ ಸಂಜೆ ಆರರಿಂದ ಎಂಟರವರೆಗೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಂಡು, ಹೀಟರನ್ನು ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಮಲಗಿದಾಗ ತೊಂದರೆಯಾಗಲಿಲ್ಲ. ಒಲೆ ಹಚ್ಚಿ ಒಳಗೆ ಬೆಚ್ಚಗೆ ಮಾಡಿಕೊಳ್ಳುವ ಯೋಚನೆಯನ್ನು ಯಾರೂ ಮಾಡಬಾರದು. ಮುಚ್ಚಿದ ವಾಹನದಲ್ಲಿ ಅದರ ಹೊಗೆ ಪ್ರಾಣಕ್ಕೇ ಅಪಾಯ. ಕಾಫಿ ಕಾಯಿಸುವಾಗಲೂ ಕಿಟಕಿಯನ್ನು ತುಸು ತೆರೆದೇ ಇಟ್ಟಿದ್ದೆವು.

ಮ್ಯಾಡಿಸನ್ನಿನಲ್ಲಿ ತಂಗಿದ್ದರ ಲಾಭವೂ ದೊಡ್ಡದು. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರ ಬುಗ್ಗೆಯಿರುವ ಮಿಡ್‌ವೇ ಜಲಾನಯನದ ಪಾರ್ಕಿಂಗ್ ಬಹಳ ಚಿಕ್ಕದು. ಹತ್ತು ಗಂಟೆಯ ಮೇಲೆ ಅಲ್ಲಿ ಆರ್‌ವಿಗೆ ಜಾಗ ಸಿಗುವ ಭರವಸೆಯಿಲ್ಲ. ಎಂಟಕ್ಕೆ ಮೊದಲೇ ಹೋಗಿ ನಿಲ್ಲಿಸಿದೆವು. ಆದರೆ ತಂಪಾದ ಬೆಳಗಿನಲ್ಲಿ ಬುಗ್ಗೆಯ ಮೇಲೆ ದಟ್ಟವಾದ ಹಬೆ ಕವಿದು ಬಣ್ಣವೇ ಕಾಣುವುದಿಲ್ಲ. "ಏನೋ ಇದು, ಬರೀ ಹೊಗೆ ನೋಡೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ?" ಎಂದು ಅಪ್ಪ ಕೇಳಿದರು. ವಾಹನ ಅಲ್ಲಿಯೇ ಇದ್ದುದರಿಂದ ಒಳಗೆ ಹೋಗಿ ಉಪ್ಪಿಟ್ಟು ಮಾಡಿಕೊಂಡು ತಿಂದು, ಬಿಸಿಲೇರಿದ ಮೇಲೆ ಮತ್ತೆ ಮರದ ಹಾದಿಯಲ್ಲಿ ನಡೆದು ನೋಡಿದಾಗ ನೀಲಿ, ಹಸಿರು, ಕಿತ್ತಳೆಗಳು ಪದರಪದರವಾಗಿ ಬಿಚ್ಚಿಕೊಂಡಿದ್ದವು. ಬೇಗ ಹೋಗಿ ನಿಲ್ಲಿಸಿ, ತಡವಾಗಿ ನೋಡುವುದೇ ಅಲ್ಲಿಗೆ ಸರಿಯಾದ ಕ್ರಮ. ಓಲ್ಡ್ ಫೇತ್‌ಫುಲ್‌ನಲ್ಲಿ ಈ ಕಷ್ಟವಿಲ್ಲ. ಪಾರ್ಕಿಂಗ್ ವಿಶಾಲವಾಗಿದೆ, ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುವ ಬುಗ್ಗೆಯ ಮುಂದಿನ ಅಂದಾಜು ಸಮಯವನ್ನು ಫಲಕದಲ್ಲಿ ಬರೆದಿರುತ್ತಾರೆ, ಕೂರಲು ಬೆಂಚುಗಳಿವೆ.

ಮ್ಯಾಡಿಸನ್ ಬಿಡುವ ಬೆಳಗ್ಗೆ ನಾನು ಒಳಗೊಳಗೇ ಅಳುಕುತ್ತಿದ್ದ ಕೆಲಸ ಬಂದಿತು. ಆರ್‌ವಿಯಲ್ಲಿ ಮೂರು ಟ್ಯಾಂಕುಗಳಿರುತ್ತವೆ: ಒಂದು ಶುದ್ಧ ನೀರಿಗೆ, ಒಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ, ಇನ್ನೊಂದು ಶೌಚಕ್ಕೆ. ಕೊಳೆನೀರು ಖಾಲಿ ಮಾಡುವ ಜಾಗವಾದ ಡಂಪ್ ಸ್ಟೇಷನ್ನಿನಲ್ಲಿ ಕೈಗವಸು ಧರಿಸಿ, ದಪ್ಪ ಕೊಳವೆಯನ್ನು ಜೋಡಿಸಿ, ಮೊದಲು ಶೌಚದ ಟ್ಯಾಂಕನ್ನು, ಆಮೇಲೆ ತೊಳೆದ ನೀರಿನ ಟ್ಯಾಂಕನ್ನು ಬಿಡಬೇಕು. ಎರಡನೆಯದರ ನೀರೇ ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಮುಂದೆ ಹುಕಪ್ ಇರುವಲ್ಲಿ ನಿಂತಾಗಲೂ ಶೌಚದ ಟ್ಯಾಂಕಿನ ಕೀಲನ್ನು ತೆರೆದೇ ಇಡಬಾರದು, ಏಕೆಂದರೆ ನೀರು ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಕೂರುತ್ತದೆ. ಚೊಂಬು ಬಳಸುವ ನಮ್ಮ ಪದ್ಧತಿ ಈ ಟ್ಯಾಂಕಿಗೆ ಒಳ್ಳೆಯದೇ, ನೀರು ಹೆಚ್ಚಿದ್ದಷ್ಟೂ ಅದು ಸಲೀಸಾಗಿ ಖಾಲಿಯಾಗುತ್ತದೆ. ಆದರೆ ಅದೇ ಕಾರಣಕ್ಕೆ ಶುದ್ಧ ನೀರು ಬೇಗ ತೀರುತ್ತದೆ. ಐದು ಜನ ಮನೆಯಲ್ಲಿ ಮಾಡುವಂತೆ ಸ್ನಾನ ಮಾಡಿದರೆ ಒಂದು ದಿನಕ್ಕೂ ಸಾಲದು. ಅಮ್ಮ ಅರ್ಧ ಬಕೆಟ್ ಬಿಸಿನೀರಿನಲ್ಲಿ ಸ್ನಾನ ಮುಗಿಸುವುದನ್ನು ನೋಡಿ ನಾವೆಲ್ಲರೂ ಶವರ್ ಬಿಟ್ಟು ಬಕೆಟ್ಟಿಗೆ ಬಂದೆವು. ಸರದಿಯಲ್ಲಿ ನಮ್ಮ ಹಿಂದಿದ್ದ ವಯಸ್ಸಾದ ಅಮೆರಿಕನ್ನರೊಬ್ಬರು ತಾವಾಗಿಯೇ ಇಳಿದು ಬಂದು ಕೊಳವೆಯ ತುದಿಯನ್ನು ಕಲ್ಲಿನಿಂದ ಒತ್ತಿ ಹಿಡಿಯುವುದನ್ನು ತೋರಿಸಿಕೊಟ್ಟರು. ಇಡೀ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು, ಅಳುಕಿದಷ್ಟು ಅಸಹ್ಯವೇನೂ ಆಗಲಿಲ್ಲ.

ಅಲ್ಲಿಂದ ಸರೋವರದ ಕಡೆಗೆ ಹೋಗುವ ದಾರಿ 8,262 ಅಡಿ ಎತ್ತರದ ಕ್ರೇಗ್ ಪಾಸ್ ದಾಟುತ್ತದೆ. ನೀರು ಒಂದು ಕಡೆ ಪೆಸಿಫಿಕ್ಕಿಗೂ ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿಗೂ ಹರಿಯುವ ಜಾಗವಿದು ಎಂಬ ಫಲಕವನ್ನು ಓದಿದ ಅಪ್ಪ, ತಾವು ವಿದ್ಯುತ್ ಮಂಡಳಿಯಲ್ಲಿದ್ದಾಗ ಸಕಲೇಶಪುರದ ಬಿಸಿಲೆ ಕಡೆ ಮಳೆನೀರು ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಪಾಲಾಗುವ ದಿಣ್ಣೆಯ ಮೇಲೆ ತಂತಿ ಎಳೆಸಿದ್ದನ್ನು ಮೊಮ್ಮಗನಿಗೆ ಬಹಳ ಹೊತ್ತು ಹೇಳಿದರು.

ಫಿಶಿಂಗ್ ಬ್ರಿಡ್ಜ್‌ನಲ್ಲಿ ವಿದ್ಯುತ್ತಿನ ಯಜಮಾನಿಕೆಯನ್ನೂ ಅಪ್ಪನೇ ವಹಿಸಿಕೊಂಡರು. ನಮ್ಮ ವಾಹನಕ್ಕಿದ್ದುದು ಮೂವತ್ತು ಆಂಪಿಯರ್ ಸಂಪರ್ಕ. 120 ವೋಲ್ಟಿಗೆ ಅದು 3,600 ವಾಟ್ ಆಗುತ್ತದೆ. ಎಸಿ, ಮೈಕ್ರೊವೇವ್, ಬಿಸಿನೀರಿನ ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಂದು ಹಾಕುವ ಮುನ್ನ ಇನ್ನೊಂದನ್ನು ಆರಿಸಿದ್ದೀರಾ ಎಂದು ಕೇಳುವುದು ಅವರ ಕೆಲಸವಾಯಿತು. ಅಡುಗೆಯ ಬಗ್ಗೆ ಹೇಳುವುದಾದರೆ, ಪ್ರೆಷರ್ ಕುಕ್ಕರ್ ಇಲ್ಲದೆ ಹೋಗಲೇಬೇಡಿ. ಸುಮಾರು 7,800 ಅಡಿ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ. ಒಗ್ಗರಣೆಯ ಹೊಗೆಗೆ ಅಲಾರ್ಮ್ ಬಡಿದುಕೊಳ್ಳುತ್ತದೆ. ಛಾವಣಿಯ ಫ್ಯಾನ್ ಹಾಕಿ, ಬಾಗಿಲು ತೆರೆದೇ ಎಣ್ಣೆ ಕಾಯಿಸಬೇಕು. ಹೊರಗೆ ಮೇಜಿನ ಮೇಲೆ ಮಾತ್ರ ಒಂದು ತಟ್ಟೆಯನ್ನೂ, ನೀರಿನ ಬಾಟಲಿಯನ್ನೂ ಬಿಡುವಂತಿಲ್ಲ. ಕರಡಿಗಳ ಕಾರಣದಿಂದ ಆ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ರಾತ್ರಿ ಸಿಬ್ಬಂದಿ ಸುತ್ತು ಹಾಕಿ ನೋಡುತ್ತಾರೆ.

ಹೇಡನ್ ಕಣಿವೆಯಲ್ಲಿ ಕಾಡೆಮ್ಮೆಗಳಂಥ ಬೈಸನ್‌ಗಳು ರಸ್ತೆಯ ಮೇಲೆಯೇ ನಿಂತು ಒಂದು ಗಂಟೆಗೂ ಹೆಚ್ಚು ಹೊತ್ತು ದಾರಿ ಬಿಡಲಿಲ್ಲ. ಅವುಗಳಿಗೆ ಕಾದಾಟದ ಕಾಲವಾದ್ದರಿಂದ ಗಂಡುಗಳ ಗುಟುರು ಗಾಜಿನೊಳಗೂ ಕೇಳುತ್ತಿತ್ತು. ಇಳಿಯುವಂತಿಲ್ಲ; ಬೈಸನ್ನಿನಿಂದ ಕನಿಷ್ಠ 25 ಗಜ, ಕರಡಿ ತೋಳಗಳಿಂದ 100 ಗಜ ದೂರವಿರಬೇಕೆಂಬುದು ನಿಯಮ. ಮುಂದಿನ ಕಾರುಗಳಲ್ಲಿ ಮಕ್ಕಳು ಅಳುತ್ತಿದ್ದಾಗ ನಮ್ಮಲ್ಲಿ ಎಂಜಿನ್ ಆರಿಸಿ ಎಲ್ಲರೂ ಚಕ್ಕುಲಿ ತಿನ್ನುತ್ತಿದ್ದೆವು, ಅಮ್ಮ ಯಾರನ್ನೂ ಕೇಳದೆ ಎದ್ದು ಶೌಚಾಲಯಕ್ಕೆ ಹೋಗಿ ಬಂದರು. ಕೊಟ್ಟ ಬಾಡಿಗೆ ಆ ಒಂದು ಗಂಟೆಯಲ್ಲಿ ವಸೂಲಾಯಿತೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಗ್ರ್ಯಾಂಡ್ ಟೀಟನ್ನಿನಲ್ಲಿ ನೋಟ ಹೆಚ್ಚು, ಆರ್‌ವಿಗೆ ದಾರಿ ಕಡಿಮೆ. 23 ಅಡಿ ಮೀರಿದ ವಾಹನಗಳಿಗೆ ಮೂಸ್-ವಿಲ್ಸನ್ ರಸ್ತೆಯಲ್ಲಿ ಪ್ರವೇಶವಿಲ್ಲ, ಸಿಗ್ನಲ್ ಮೌಂಟನ್ ಏರುವಂತಿಲ್ಲ, ಜೆನ್ನಿ ಲೇಕ್ ಕ್ಯಾಂಪ್‌ಗ್ರೌಂಡ್ ಡೇರೆಗಳಿಗೆ ಮಾತ್ರ. ಯೆಲ್ಲೋಸ್ಟೋನಿನ ಮ್ಯಾಮತ್‌ನ ಮೇಲಿನ ಟೆರೇಸ್ ರಸ್ತೆಗೂ, ಮೊಂಟಾನಾದ ಗ್ಲೇಶಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಎತ್ತರದ ಭಾಗಕ್ಕೂ ಇಂಥದೇ ನಿರ್ಬಂಧವಿದೆ; ಗ್ಲೇಶಿಯರ್‌ನಲ್ಲಿ 21 ಅಡಿಗೆ ಮಿತಿ. ನಾವು ಗ್ಲೇಶಿಯರನ್ನು ಯೋಜನೆಯಿಂದ ಕೈಬಿಟ್ಟದ್ದೇ ಈ ಕಾರಣಕ್ಕೆ. ಕೋಲ್ಟರ್ ಬೇಯಲ್ಲಿ ಸೊಳ್ಳೆಗಳು ವಿಪರೀತ, ಆದರೆ ಸರೋವರದ ದಡದಲ್ಲಿ ಕುರ್ಚಿ ಹಾಕಿ ಕುಳಿತರೆ 13,775 ಅಡಿಯ ಶಿಖರ ಎದುರಿಗೇ ಇರುತ್ತದೆ. ಅಪ್ಪ ಎಲ್ಲಿಗೂ ನಡೆಯಬೇಕಾಗಲಿಲ್ಲ.

ಜ್ಯಾಕ್ಸನ್ ಊರಿನಿಂದ ಹತ್ತು ಶೇಕಡಾ ಇಳಿಜಾರಿನ ಟೀಟನ್ ಪಾಸ್ ಕಡೆಗೆ ಹೋಗದೆ, ದಕ್ಷಿಣಕ್ಕೆ ಆಲ್ಪೈನ್, ಆಫ್ಟನ್, ಬೇರ್ ಲೇಕ್, ಲೋಗನ್ ಕಣಿವೆಗಳ ಹೆದ್ದಾರಿ 89ರಲ್ಲಿ ಮರಳಿದೆವು. ಇಳಿಯುವಾಗ ಗೇರ್ ಹಿಡಿಯ ತುದಿಯಲ್ಲಿರುವ ಟೋ-ಹಾಲ್ ಗುಂಡಿಯನ್ನು ಒತ್ತಿದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಬಂದರೆ ಅದು ಕಾದು ಕೈಕೊಡುವ ಭಯವಿದೆ.

ವಾಹನವನ್ನು ಮರಳಿಸುವ ಹೊತ್ತಿಗೆ ಟ್ಯಾಂಕುಗಳು ಖಾಲಿಯಾಗಿರಬೇಕು, ಪೆಟ್ರೋಲು ಮತ್ತು ಪ್ರೊಪೇನ್ ತುಂಬಿರಬೇಕು, ಒಳಗೆ ಗುಡಿಸಿರಬೇಕು. ಇಲ್ಲದಿದ್ದರೆ ಪ್ರತಿಯೊಂದಕ್ಕೂ ದಂಡ. ಅದೆಲ್ಲವೂ ಸರಿಯಾಗಿಯೇ ಆಯಿತು. ಎರಡು ವಾರದ ಮೇಲೆ, ಹಿಂದಿನ ಬಂಪರಿನಲ್ಲಿ ಗೀರು ಕಂಡುಬಂದಿದೆ, ಠೇವಣಿಯ ಬಹುಭಾಗವನ್ನು ದುರಸ್ತಿಗೆ ಮುರಿದುಕೊಳ್ಳುತ್ತೇವೆ ಎಂಬ ಪತ್ರ ಬಂದಿತು. ಹೊರಡುವ ಮುನ್ನ ತೆಗೆದಿದ್ದ ಚಿತ್ರದಲ್ಲಿ ಅದೇ ಗೀರು ದಿನಾಂಕ, ಸಮಯದ ಸಮೇತ ಇತ್ತು. ಕಳುಹಿಸಿದೆ, ಉತ್ತರವಿಲ್ಲ. ವಾರಕ್ಕೊಮ್ಮೆ ಬರೆದೆ, ಫೋನ್ ಮಾಡಿದಾಗಲೆಲ್ಲ ಬೇರೆಬೇರೆಯವರು ಎತ್ತಿಕೊಂಡು ಮೊದಲಿನಿಂದ ಕೇಳಿದರು. ಕೊನೆಗೆ ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟು, ಎಲ್ಲ ಪತ್ರಗಳ ಪ್ರತಿ ಲಗತ್ತಿಸಿದ ಮೇಲೆ ಪೂರ್ತಿ ಹಣ ಮರಳಿತು. ಠೇವಣಿಯನ್ನು ಡೆಬಿಟ್ ಕಾರ್ಡಿನಿಂದ ಕಟ್ಟದಿರಲು ಇದೊಂದೇ ಕಾರಣ ಸಾಕು.

ಒಟ್ಟು ಖರ್ಚಿನಲ್ಲಿ ಬಾಡಿಗೆ, ಮೈಲಿ ಶುಲ್ಕ, ವಿಮೆ, ತೆರಿಗೆ ಸೇರಿ ಮೂರು ಸಾವಿರ ಡಾಲರಿನ ಹತ್ತಿರವಾಯಿತು. ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿಯಷ್ಟೇ ಕೊಡುವ ವಾಹನವಾದ್ದರಿಂದ ಪೆಟ್ರೋಲಿಗೆ ನಾನೂರರ ಮೇಲೆ, ತಂಗುವ ಜಾಗಗಳಿಗೆ ಆರುನೂರರ ಆಸುಪಾಸು. ಕಾರು ಮತ್ತು ಹೋಟೆಲಿಗಿಂತ ಇದು ಅಗ್ಗವೆಂದು ಯಾರಾದರೂ ಹೇಳಿದರೆ ನಂಬಬೇಡಿ.

2026ರಲ್ಲಿ ಹೊರಡುವವರು ಎರಡು ಬದಲಾವಣೆಗಳನ್ನು ಗಮನದಲ್ಲಿಡಬೇಕು. ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರಿಗೇ ಉಳಿದಿದ್ದು, ನಿವಾಸಿಗಳಲ್ಲದವರಿಗೆ 250 ಆಗಿದೆ. ವಾರ್ಷಿಕ ಪಾಸ್ ಇಲ್ಲದ, ಹದಿನಾರು ದಾಟಿದ ವಿದೇಶಿ ಪ್ರವಾಸಿಗಳಿಗೆ ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ತಂದೆತಾಯಿ ಜೊತೆಗಿದ್ದರೆ ಯಾವ ಪಾಸ್ ಕೊಳ್ಳಬೇಕೆಂಬುದನ್ನು ಹೊರಡುವ ಮೊದಲೇ ಉದ್ಯಾನದವರನ್ನು ಕೇಳಿ ತೀರ್ಮಾನಿಸಿಕೊಳ್ಳಿ ಮತ್ತು ನಿಮ್ಮ ಸರ್ಕಾರಿ ಗುರುತಿನ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಿ. ಯೂಟಾದ ಜಾಯನ್ ಉದ್ಯಾನವನ್ನೂ ಸೇರಿಸಿಕೊಳ್ಳುವವರಿಗೆ ಇನ್ನೊಂದು ಮಾತು: 15 ಡಾಲರಿನ ಪರವಾನಗಿಯ ಮೇಲೆ ದೊಡ್ಡ ವಾಹನಗಳನ್ನು ಬಿಡುತ್ತಿದ್ದ ಅಲ್ಲಿನ 1930ರ ಸುರಂಗದಲ್ಲಿ 2026ರ ಜೂನ್‌ನಿಂದ ಅವುಗಳಿಗೆ ಪ್ರವೇಶವಿಲ್ಲ, ಹಾಗಾಗಿ 11 ಅಡಿ 4 ಅಂಗುಲಕ್ಕಿಂತ ಎತ್ತರದ ಆರ್‌ವಿಯನ್ನು ಬಾಡಿಗೆಗೆ ಪಡೆಯುವವರು ಬ್ರೈಸ್ ಕ್ಯಾನ್ಯನ್ ಕಡೆಗೆ ಸುತ್ತುದಾರಿಯ ಸಮಯವನ್ನು ಲೆಕ್ಕಕ್ಕೆ ಹಿಡಿದೇ ರಾತ್ರಿಯ ಜಾಗಗಳನ್ನು ಕಾಯ್ದಿರಿಸಬೇಕಾಗುತ್ತದೆ.